ಹುಲಿಗೆಮ್ಮನ ಬಾಗಿಲೆದುರಿನ ನೀರು

ಕುಡಚಡೆಯಿಂದ ಘಟ್ಟದ ಕಡೆಗೆ ಏರುತ್ತ ಹೋಗುವ ರಸ್ತೆ ಒಂದು ಕಡೆ ಸುಸ್ತಾಗಿ ನಿಂತುಬಿಡುತ್ತದೆ. ಅಲ್ಲಿರುವುದೇ ಶೆಣವಾಳೆಯ ಧರಣ. ಗೋವೆಯವರು ಅಣೆಕಟ್ಟಿಗೆ ಧರಣ ಎನ್ನುತ್ತಾರೆ. ಅದನ್ನು ಕಟ್ಟಲು ಬಂದ ಬಾದಾಮಿ ಸೀಮೆಯ ಜನವೂ ಹಾಗೇ ಅನ್ನಲು ಕಲಿತರು. ಕಟ್ಟಿಸಿದ ಗುತ್ತಿಗೆದಾರ ಕೆಲಸ ಮುಗಿದ ಮೇಲೆ ತನ್ನ ಯಂತ್ರಗಳನ್ನು ಲೆಕ್ಕ ಹಾಕಿ ಲಾರಿಗೆ ಏರಿಸಿಕೊಂಡು ಹೋದ. ಆಳುಗಳನ್ನು ಲೆಕ್ಕ ಹಾಕುವುದು ಮರೆತ. ಹಾಗೆ ಉಳಿದವರು ಪಕ್ಕದ ಗುಡ್ಡದ ಮೇಲೆ ಗೇರುಮರಗಳ ನಡುವೆ ಮನೆ ಕಟ್ಟಿಕೊಂಡರು. ಊರವರು ಅದನ್ನು, ಘಟ್ಟದ ಮೇಲಿನವರೆಂಬ ತಾತ್ಸಾರದಲ್ಲಿ, ಘಾಟಿ ಕ್ಯಾಂಪ್ ಎನ್ನುತ್ತಾರೆ, ಅಲ್ಲಿರುವವರು ಬರೀ ಕ್ಯಾಂಪ್ ಎನ್ನುತ್ತಾರೆ. ಸರ್ಕಾರ ಏನೂ ಅನ್ನುವುದಿಲ್ಲ, ಏಕೆಂದರೆ ಸರ್ಕಾರದ ನಕ್ಷೆಯಲ್ಲಿ ಅಲ್ಲಿ ಇಂದಿಗೂ ಗೇರುಮರಗಳು ಮಾತ್ರ ಇವೆ.

ಈ ನಕ್ಷೆಯಲ್ಲಿಲ್ಲದ ಜನರ ಪೈಕಿ ಹುಲಿಗೆಮ್ಮ ಒಬ್ಬಳು. ಮದುವೆಯಾದ ವರ್ಷವೇ ಗಂಡ ಪರಮೇಶಪ್ಪನ ಹಿಂದೆ ಬಂದು, ಧರಣದ ಗೋಡೆಗೆ ತಲೆಯ ಮೇಲೆ ಖಡಿ ಹೊತ್ತವಳು. ಈಗ ಮಂಡಿ ಹಿಡಿದುಕೊಂಡಿವೆ, ಹೊರುವುದು ಬಿಟ್ಟಿದ್ದಾಳೆ. ಧರಣದ ಗೇಟಿನ ಹತ್ತಿರ ಒಂದು ಗಾಡೊ, ಅಂದರೆ ಗಾಡಿಯಂಗಡಿ, ಇಟ್ಟುಕೊಂಡು ಭಾನುವಾರ ಮಡಗಾಂವಿನಿಂದ ಬರುವ ಪ್ರವಾಸಿಗರಿಗೆ ಮಿರ್ಚಿ ಭಜಿ ಕರಿದು ಕೊಡುತ್ತಾಳೆ. ಮಾತು ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ. ಪರಮೇಶಪ್ಪ ಗೌಂಡಿ, ಒಳ್ಳೆಯವನು, ಅಂದರೆ ಹೆಂಡತಿ ಮಾತಾಡುವಾಗ ಗೋಡೆಯ ಕಡೆ ನೋಡುವ ಅಭ್ಯಾಸ ಮಾಡಿಕೊಂಡವನು.

ಮನೆ ಕಟ್ಟುವಾಗ ಮಾತ್ರ ಅವನೊಮ್ಮೆ ಎದುರಾಡಿದ್ದ. ಕ್ಯಾಂಪಿನ ಎಲ್ಲರ ಬಾಗಿಲು ರಸ್ತೆಯ ಕಡೆ. ನಲ್ಲಿ ಇರುವುದು ಆ ಕಡೆ, ಕೂಲಿಗೆ ಕರೆಯುವ ಟೆಂಪೊ ಬರುವುದೂ ಆ ಕಡೆ. ಹುಲಿಗೆಮ್ಮ ಮಾತ್ರ ತನ್ನ ಬಾಗಿಲು ನೀರಿನ ಕಡೆ ಆಗಬೇಕೆಂದು ಹಟ ಹಿಡಿದಳು. ಮಳೆಗಾಲದ ಗಾಳಿ ನೇರ ಒಲೆಯೊಳಗೆ ಬರುತ್ತದೆ ಎಂದು ಅವನು ತಿಳಿಸಿ ಹೇಳಿದ. ಮಡಗಾಂವಿನ ಸಾಹುಕಾರರಿಗೆ ಸಮುದ್ರದ ಕಡೆಗೆ ಕಿಟಕಿ ಇಟ್ಟು ಕೊಟ್ಟು ಬರುತ್ತೀರಲ್ಲ, ನನಗೊಂದು ಬಾಗಿಲು ಇಟ್ಟರೆ ನಿಮ್ಮ ಕರಣಿ ಸವೆಯುತ್ತದೆಯೇ ಎಂದು ಅವಳು ಕೇಳಿದಳು. ಬಾಗಿಲು ನೀರಿನ ಕಡೆಗೇ ಆಯಿತು, ಗಾಳಿ ಒಲೆಯೊಳಗೆ ಬಂತು, ಹೊಗೆ ಪರಮೇಶಪ್ಪನ ಕಣ್ಣಿಗೆ ಹೋಯಿತು. ಅಂದಿನಿಂದ ಅವನು ಎದುರಾಡಲು ತುಟಿ ಬಿಚ್ಚಿಲ್ಲ.

ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಎದುರಿಗೇ ನೀರು. ಆಚೆಗೆ ಗುಡ್ಡ, ಅದರಾಚೆ ಇನ್ನೊಂದು ಗುಡ್ಡ, ಅದರಾಚೆಯದು ಇದೆಯೋ ಇಲ್ಲವೋ ಎಂಬಷ್ಟು ಮಸುಕು. ಹುಲಿಗೆಮ್ಮ ಹೊಸ್ತಿಲ ಮೇಲೆ ಚಹಾ ಹಿಡಿದು ಕೂತಳೆಂದರೆ ಲೋಟ ಖಾಲಿಯಾದರೂ ಏಳುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ದಂಡೆಯ ಕೆಂಪುಮಣ್ಣು ಬರಿದಾದಾಗ ಪ್ರವಾಸಿಗರು ಮುಖ ಸಿಂಡರಿಸುತ್ತಾರೆ. ಅವಳಿಗೆ ಅದೂ ಚೆಂದ. ತೌರಿನಲ್ಲಿ ಅವಳ ಮನೆಯ ಬಾಗಿಲು ತೆರೆದರೆ ಗೌಡರ ಮನೆಯ ಹಿತ್ತಲಗೋಡೆ ಕಾಣುತ್ತಿತ್ತು. ಬಡವಳಿಗೆ ದೇವರು ಬಂಗಾರ ಕೊಡಲಿಲ್ಲ, ಮಕ್ಕಳನ್ನು ಕೊಡಲಿಲ್ಲ. ಬಾಗಿಲೆದುರು ಇಷ್ಟು ನೀರು ಕೊಟ್ಟ, ಅದನ್ನೇನು ಯಾರೂ ಕಸಿದುಕೊಳ್ಳಲಾರರು ಎಂದು ಅವಳು ಎಲ್ಲರೆದುರೂ ಹೇಳುತ್ತಿದ್ದಳು.

ಹೀಗಿರುವಾಗ ಧರಣದ ಗೋಡೆಯನ್ನು ಎತ್ತರಿಸುವ ಯೋಜನೆ ಬಂತು. ಕಡಲತೀರದ ಹೋಟೆಲುಗಳ ಈಜುಕೊಳಗಳಿಗೆ ನೀರು ಸಾಲದಾಗಿತ್ತು. ಸಾಹೇಬರುಗಳಿಗೆ ಕಾಡಿನ ಚಿಂತೆ ಇರಲಿಲ್ಲ, ಜನರ ಚಿಂತೆ ಇರಲಿಲ್ಲ, ಇದ್ದದ್ದು ಒಂದೇ ಚಿಂತೆ: ಗೋಡೆ ಎತ್ತರವಾದರೆ ನೋಡಲು ಹೇಗೆ ಕಾಣುತ್ತದೆ? ಗೋವೆ ಬದುಕುವುದೇ ನೋಡುವವರ ಮೇಲಲ್ಲವೇ. ಹಾಗಾಗಿ ನೋಟಕ್ಕೆ ಆಗುವ ಹಾನಿಯನ್ನು ಅಳೆಯಲು ಪುಣೆಯ ಒಂದು ಕಂಪನಿಗೆ ಹೇಳಿದರು. ಕಂಪನಿಯಿಂದ ಒಬ್ಬ ಮೇಡಂ ಬಂದಳು, ದೊಡ್ಡ ಕ್ಯಾಮೆರಾ ಬಂತು, ಅದನ್ನು ನಿಲ್ಲಿಸಲು ಮುಕ್ಕಾಲಿ ಬಂತು.

ಮೇಡಂ ಒಳ್ಳೆಯ ಹುಡುಗಿ. ಬಿಸಿಲಿಗೆ ಮುಖ ಕೆಂಪಗೆ ಮಾಡಿಕೊಂಡು, ಸಿಕ್ಕವರನ್ನೆಲ್ಲ ನಿಲ್ಲಿಸಿ, ಈ ದೃಶ್ಯ ನಿಮಗೆ ಎಷ್ಟು ಮುಖ್ಯ ಎಂದು ಕೇಳುತ್ತಿದ್ದಳು. ನೀರಿಗೆ ಬೆನ್ನು ಹಾಕಿ ಫೋನಿನಲ್ಲಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಿದ್ದ ನಾಲ್ಕು ಹುಡುಗರು ತುಂಬಾ ಮುಖ್ಯ ಎಂದರು. ಗುಡ್ಡದ ತುದಿಯಲ್ಲಿ ಬಂಗಲೆ ಕಟ್ಟಿಸಿ ವರ್ಷಕ್ಕೊಮ್ಮೆ ಬರುವ ದಿಲ್ಲಿಯವರ ಅಭಿಪ್ರಾಯವನ್ನು ಫೋನಿನಲ್ಲೇ ಕೇಳಿ ತಿಳಿದುಕೊಂಡಳು. ಹುಲಿಗೆಮ್ಮನ ಗಾಡೊಗೆ ಬಂದಾಗ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಇವಳು ಕರಿಯುವ ಝಾರಿ ಕೆಳಗಿಡದೆ, ತನ್ನ ಹೊಸ್ತಿಲು, ತನ್ನ ಚಹಾ, ಬೇಸಿಗೆಯ ಕೆಂಪುಮಣ್ಣು, ಮೊದಲ ಮಳೆಗೆ ನೀರಿನ ಬಣ್ಣ ಬದಲಾಗುವುದು, ಎಲ್ಲವನ್ನೂ ಹರಕು ಹಿಂದಿಯಲ್ಲಿ ಹೇಳತೊಡಗಿದಳು. ನಡುನಡುವೆ ಮೆಣಸಿನಕಾಯಿ ತಿರುವಿ ಹಾಕಿದಳು. ಮೇಡಂ ತಲೆಯಾಡಿಸಿದಳು, ಎರಡು ಭಜಿ ತಿಂದಳು, ಕಣ್ಣಲ್ಲಿ ನೀರು ತುಂಬಿಕೊಂಡು ಹೋದಳು. ತನ್ನ ಮಾತು ಅವಳ ಮನಸ್ಸಿಗೆ ನಾಟಿತೆಂದು ಹುಲಿಗೆಮ್ಮ ಸಂಜೆ ಗಂಡನೆದುರು ಹೇಳಿಕೊಂಡಳು. ಮೆಣಸಿನಕಾಯಿ ನಾಟಿರಬೇಕು ಎಂದು ಪರಮೇಶಪ್ಪನಿಗೆ ಅನ್ನಿಸಿತು, ಅನ್ನಲಿಲ್ಲ.

ಅದೇ ಸುಮಾರಿಗೆ ಎಳ್ಳಮಾಸಿ, ಎಳ್ಳು ಅಮಾವಾಸ್ಯೆ, ಬಂತು. ಹೊಲವಿದ್ದವರು ಆ ದಿನ ಹೊಲಕ್ಕೆ ಹೋಗಿ, ಬನ್ನಿಗಿಡದ ಕೆಳಗೆ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಉಂಡು ಬರುತ್ತಾರೆ. ಕ್ಯಾಂಪಿನವರಿಗೆ ಹೊಲ ಎಲ್ಲಿಯದು? ಧರಣದ ದಂಡೆಯೇ ಅವರಿಗೆ ಹೊಲ, ಗೇರುಮರವೇ ಬನ್ನಿಗಿಡ. ಪಾಂಡವರನ್ನು ಕೂರಿಸುವ ಹಕ್ಕು ಹುಲಿಗೆಮ್ಮನದು; ಅದನ್ನು ಯಾರೂ ಕೊಟ್ಟಿದ್ದಲ್ಲ, ಇವಳೇ ತೆಗೆದುಕೊಂಡದ್ದು. ಆ ವರ್ಷ ರೊಟ್ಟಿ ಬಡಿಯುವುದರಲ್ಲಿ, ಶೇಂಗಾ ಹೋಳಿಗೆ ಬೇಯಿಸುವುದರಲ್ಲಿ ಹೊತ್ತು ಏರಿತು, ಸುಣ್ಣ ನೆನೆಹಾಕುವುದೇ ಮರೆತುಹೋಯಿತು. ಕಲ್ಲು ಹುಡುಕಲು ಗುಡ್ಡದಿಂದ ಕೆಳಗಿಳಿದವಳಿಗೆ ದಂಡೆಯ ಮೇಲೆ ಸಾಲಾಗಿ ಕಲ್ಲುಗಳು ಕಂಡವು. ಹೆಚ್ಚುಕಡಿಮೆ ಒಂದೇ ಗಾತ್ರದವು, ನುಣ್ಣಗಿನವು, ಆಗಲೇ ಯಾರೋ ಸುಣ್ಣ ಬಳಿದಿಟ್ಟವು. ತನ್ನ ಅವಸರ ನೋಡಿ ಧರ್ಮರಾಯನೇ ತಯಾರಾಗಿ ಬಂದು ಕೂತಿದ್ದಾನೆ ಎಂದುಕೊಂಡು, ಐದನ್ನು ಆರಿಸಿ ಉಡಿಯಲ್ಲಿ ಹಾಕಿಕೊಂಡು ಮೇಲೆ ತಂದಳು. ತನ್ನ ಬಾಗಿಲ ಮುಂದಿನ ಗೇರುಮರದ ಕೆಳಗೆ ಸಾಲಾಗಿ ಕೂರಿಸಿ, ಅರಿಶಿನ ಕುಂಕುಮ ಏರಿಸಿ, ಎಡೆ ಹಿಡಿದಳು. ಕ್ಯಾಂಪೆಲ್ಲ ಉಂಡು ತೇಗಿತು.

ಆ ಕಲ್ಲುಗಳು, ಗೋಡೆ ಎತ್ತರವಾದ ಮೇಲೆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ತೋರಿಸಲು ಇಂಜಿನಿಯರರು ಇಟ್ಟ ಗುರುತುಗಳಾಗಿದ್ದವು. ನಾಲ್ಕು ದಿನ ಬಿಟ್ಟು ಫೋಟೋ ತೆಗೆಯಲು ಬಂದ ಮೇಡಂಗೆ, ಸುಣ್ಣದ ಕಲ್ಲು ಇರುವಲ್ಲಿಯ ತನಕ ನೀರು ಎಂದು ಹೇಳಿ ಕಳಿಸಿದ್ದರು. ಆಚೆ ದಂಡೆಯಿಂದ ಕ್ಯಾಮೆರಾದಲ್ಲಿ ನೋಡಿದರೆ ಕೆಳಗೆ ಉಳಿದ ಕಲ್ಲುಗಳು ಹುಲ್ಲಿನ ಮರೆಯಲ್ಲಿ, ಕ್ಯಾಂಪಿನ ನಡುವೆ ಎದ್ದು ಕಾಣುವ ಐದು ಬಿಳಿ ಕಲ್ಲು. ಮೇಡಂ ನಂಬಿದಳು. ಬಾದಾಮಿ ಸೀಮೆಯಲ್ಲಿ ಹುಟ್ಟದವರು ಬೇರೇನು ತಾನೆ ಮಾಡಿಯಾರು.

ಪಂಚಾಯತಿಯ ಸಭಾಗೃಹದಲ್ಲಿ ಜನರ ಅಹವಾಲು ಕೇಳುವ ಸಭೆ ಸೇರಿತು. ಅಹವಾಲು ಎಂದರೆ ಸಾಹೇಬರು ಹೇಳುವುದು, ಜನ ಕೇಳುವುದು. ಕ್ಯಾಂಪಿನವರು ಹಿಂದೆ ಗೋಡೆಗೆ ಆತು ನಿಂತಿದ್ದರು. ಪಕ್ಕದ ಮನೆಯ ಹನುಮವ್ವನ ಮಗ ಮಾಂತೇಶ ಐಟಿಐ ಓದಿದವನು. ಪರದೆಯ ಮೇಲೆ ಬಂದದ್ದನ್ನು ಓದಿ ಓದಿ ಹೇಳುತ್ತಿದ್ದ. ಮೊದಲು ನೋಡುವವರ ವರ್ಗಗಳು ಬಂದವು. ಪ್ರವಾಸಿಗರು: ಅತಿ ಸೂಕ್ಷ್ಮ. ಬಂಗಲೆಯವರು: ಸೂಕ್ಷ್ಮ. ಕೆಲಸದಲ್ಲಿ ತೊಡಗಿರುವವರು: ಸೂಕ್ಷ್ಮತೆ ಅತ್ಯಲ್ಪ, ಏಕೆಂದರೆ ಅವರ ಗಮನ ಕೆಲಸದ ಮೇಲಿರುತ್ತದೆ, ದೃಶ್ಯದ ಮೇಲಲ್ಲ.

ಹಂಗಂದರೆ ಏನು ಎಂದು ಹುಲಿಗೆಮ್ಮ ಕೇಳಿದಳು. "ನಿನಗ ನೋಡಾಕ ಬರೂದಿಲ್ಲ ಅಂತ ಬರದಾರ, ದೊಡ್ಡವ್ವಾ" ಎಂದು ಮಾಂತೇಶ ಹೇಳಿದ. ಅವಳಿಗೆ ಮೈ ಉರಿದುಹೋಯಿತು. ಭಜಿ ಕರಿಯುವವಳ ಕಣ್ಣು ಎಣ್ಣೆಯೊಳಗೇ ಬಿದ್ದಿರುತ್ತವೆಯೇ? ಮುಂದೆ ಹೋಗಿ ಕೇಳಿಯೇ ಬಿಡಬೇಕೆಂದು ಸೆರಗು ಸೊಂಟಕ್ಕೆ ಸಿಕ್ಕಿಸುವಷ್ಟರಲ್ಲಿ ಪರದೆಯ ಮೇಲೆ ಆ ಫೋಟೋ ಬಂತು.

ಯೋಜನೆ ಮುಗಿದ ಮೇಲೆ ಶೆಣವಾಳೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ತಯಾರಿಸಿದ ಫೋಟೋ ಅದು. ನೀಲಿ ನೀರು, ಹಸಿರು ಗುಡ್ಡ, ಕಂಪ್ಯೂಟರ್ ತನ್ನ ಕೈಯಿಂದಲೇ ಹಾಕಿದ ಎರಡು ಬಿಳಿ ಕೊಕ್ಕರೆ. ಕ್ಯಾಂಪ್ ಇರಲಿಲ್ಲ. ಸಭೆಯಲ್ಲಿದ್ದ ಊರವರು ಚಪ್ಪಾಳೆ ತಟ್ಟಿದರು. ಇಂಜಿನಿಯರರ ವರದಿಯಲ್ಲಿ ನೀರಿನ ಮಟ್ಟದ ಅಂಕಿ ಬೇರೆಯೇ ಇತ್ತು, ಆದರೆ ಫೋಟೋ ಇರುವಾಗ ಅಂಕಿ ಯಾರಿಗೆ ಬೇಕು? ಸಾಹೇಬರು ಅದನ್ನು ನೋಡಿದರು, ಗುಡ್ಡದ ಮೇಲೆ ಮನೆಗಳಿದ್ದವೆಂಬುದು ಆಗ ಅವರ ಗಮನಕ್ಕೆ ಬಂತು. ಮುಳುಗುವ ಮನೆಗಳವರಿಗೆಲ್ಲ ಕುಡಚಡೆಯ ಹತ್ತಿರ ನಿವೇಶನ ಕೊಡಲಾಗುವುದು, ಹಕ್ಕುಪತ್ರ ಸಮೇತ, ಎಂದು ಘೋಷಿಸಿದರು.

ಕ್ಯಾಂಪಿನಲ್ಲಿ ಹಬ್ಬವೋ ಹಬ್ಬ. ಒಣಗಿದ ನೆಲದ ಮೇಲೆ ಇಷ್ಟು ವರ್ಷ ಬದುಕಿದ್ದಾಗ ಇಲ್ಲದ ಮನುಷ್ಯರು ನೀರಿನಲ್ಲಿ ಮುಳುಗಿದ ಕೂಡಲೇ ಸರ್ಕಾರಕ್ಕೆ ಕಂಡಿದ್ದರು. ಹನುಮವ್ವ ಪೇಢೆ ಹಂಚಿದಳು. ಫೋಂಡಾದಲ್ಲಿ ಸಿಮೆಂಟು ಹೊರುತ್ತಿದ್ದ ಯಾರ್‍ಯಾರದೋ ಬೀಗರು ಓಡಿ ಬಂದು, ನಾಲ್ಕು ಗಳ ನೆಟ್ಟು ನೀಲಿ ತಾಡಪತ್ರಿ ಹೊದಿಸಿ, ತಾವೂ ಮುಳುಗಲು ತಯಾರಾಗಿ ಕೂತರು. ಇರುವವರು ಅವರನ್ನು ಬೈದರು. ಮುಳುಗುವುದಕ್ಕೂ ನೂಕುನುಗ್ಗಲು.

ಹುಲಿಗೆಮ್ಮ ಮಾತ್ರ ಪೇಢೆ ಮುಟ್ಟಲಿಲ್ಲ. ಫೋಟೋದಲ್ಲಿ ನೀರಿನ ಅಂಚಿಗೆ ಅಂಟಿಕೊಂಡಿದ್ದ ಐದು ಬಿಳಿ ಚುಕ್ಕೆಗಳನ್ನು ಅವಳು ಕಂಡಿದ್ದಳು. ಅದರಲ್ಲಿ ತುಸು ದಪ್ಪಗಿದ್ದವನು ಭೀಮ, ಅವನ ಪಕ್ಕ ಓರೆಯಾಗಿ ಕೂತ ಧರ್ಮರಾಯ. ಕೂರಿಸಿದ ಕೈ ತನ್ನದೇ ಆದಾಗ ಗುರುತು ಸಿಗದೆ ಹೋದೀತೇ. ಮನೆಗೆ ಬಂದವಳೇ ಗೇರುಮರದ ಕೆಳಗೆ ಕೂತು ನೋಡಿದಳು, ಕೆಳಗಿನ ದಂಡೆಯನ್ನು ನೋಡಿದಳು, ಅಲ್ಲಿ ಉಳಿದಿದ್ದ ಕಲ್ಲುಗಳ ಸಾಲು ನೋಡಿದಳು. ನೀರು ಕ್ಯಾಂಪಿನವರೆಗೆ ಬರುವುದೇ ಇಲ್ಲ. ತಾನೇ ಹೊತ್ತು ತಂದ ನೀರು ಇದು.

ಗಂಡನಿಗೆ ಹೇಳಿದಳು. ಪರಮೇಶಪ್ಪ ಗೋಡೆಯ ಕಡೆ ನೋಡುವುದು ಬಿಟ್ಟು ಅವಳ ಕಡೆ ನೋಡಿದ.

"ಸುಮ್ಮನಿದ್ದಬಿಡು. ಹಕ್ಕುಪತ್ರ ಸಿಗತೈತಿ. ಜೀವಮಾನದಾಗ ಒಮ್ಮೆರೆ ನಮ್ಮ ಹೆಸರಿನ ಮ್ಯಾಲ ನೆಲ ಆಗಲಿ."

"ಆ ನೆಲದಾಗ ಬಾಗಲಾ ತಗದ್ರ ಏನ ಕಾಣತೈತ್ರಿ?"

ಅವನು ಅಲ್ಲಿ ಕೆಲಸ ಮಾಡಿದ್ದವನು. ಅದಿರಿನ ಲಾರಿಗಳು ನಿಲ್ಲುವ ಮೈದಾನ ಕಾಣುತ್ತದೆ ಎಂದ. ಸುಳ್ಳು ಹೇಳಲು ಅವನಿಗೆ ಯಾವತ್ತೂ ಬಂದಿಲ್ಲ.

ಎರಡು ದಿನ ಹುಲಿಗೆಮ್ಮ ಗಾಡೊ ತೆರೆಯಲಿಲ್ಲ. ತನ್ನ ಮನೆ ಉಳಿಯಬೇಕು, ಬಾಗಿಲು ಉಳಿಯಬೇಕು, ಎದುರಿನ ನೀರು ಉಳಿಯಬೇಕು. ಆದರೆ ಬಾಯಿ ಬಿಟ್ಟರೆ ಕ್ಯಾಂಪಿನ ಅಷ್ಟೂ ಜನರ ನಿವೇಶನ ಹೋಗುತ್ತದೆ. ಹನುಮವ್ವ ಆಗಲೇ ಹೊಸ ಮನೆಗೆ ತುಳಸಿಕಟ್ಟೆ ಎಲ್ಲಿ ಎಂದು ಯೋಚಿಸುತ್ತಿದ್ದಳು. ಹುಲಿಗೆಮ್ಮ ತನ್ನ ಮನಸ್ಸಿಗೆ ಒಂದು ನೆವ ಹುಡುಕಿಕೊಂಡಳು: ಪಾಂಡವರ ಹೆಸರಿನಲ್ಲಿ ಸರ್ಕಾರಕ್ಕೆ ಮೋಸವಾಗಬಾರದು. ನೆವ ಎಂದು ಅವಳಿಗೂ ಗೊತ್ತಿತ್ತು. ಖರೇ ಕಾರಣ ಆ ಹೊಸ್ತಿಲು, ಅದನ್ನು ಬಿಟ್ಟು ಬದುಕಲು ಅವಳಿಂದ ಆಗುತ್ತಿರಲಿಲ್ಲ, ಅಷ್ಟೇ.

ಮೇಡಂ ಇನ್ನೊಂದು ಸುತ್ತಿನ ಫೋಟೋಗೆ ಬಂದಾಗ ಹುಲಿಗೆಮ್ಮ ಅವಳ ಕೈ ಹಿಡಿದು ಗೇರುಮರದ ಕೆಳಗೆ ಕರೆದುಕೊಂಡು ಹೋದಳು. ಕುಂಕುಮ ಹತ್ತಿದ ಕಲ್ಲುಗಳನ್ನು ನೋಡಿ ಮೇಡಂ ನೆಲದ ಮೇಲೇ ಕೂತುಬಿಟ್ಟಳು. ಇಂಜಿನಿಯರರು ಬಂದರು, ತಮ್ಮ ಅಂಕಿ ಮೊದಲಿಂದಲೂ ಸರಿಯಾಗಿತ್ತು ಎಂದು ಎದೆಯುಬ್ಬಿಸಿದರು. ಸಾಹೇಬರು ನಿವೇಶನದ ಘೋಷಣೆಯನ್ನು ಹಿಂದಕ್ಕೆ ತೆಗೆದುಕೊಂಡರು, ಅದಕ್ಕೆ ಯಾವ ಸಭೆಯೂ ಬೇಕಾಗಲಿಲ್ಲ. ಫೋಂಡಾದ ಬೀಗರು ಗಳ ಕಿತ್ತುಕೊಂಡು ಹೋದರು. ಹನುಮವ್ವ ಹುಲಿಗೆಮ್ಮನ ಬಾಗಿಲಿಗೆ ಬಂದು ಮಣ್ಣು ತೂರಿ ಬೈದಳು. "ನಿನ್ನ ಒಂದ ಬಾಗಲದ ಸಲುವಾಗಿ ನಮ್ಮೆಲ್ಲಾರ ಬಾಗಲಾ ಮುಚ್ಚಿದಿ" ಎಂದಳು. ಹನುಮವ್ವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ರಾತ್ರಿ ಹುಲಿಗೆಮ್ಮ ಉಣ್ಣಲಿಲ್ಲ, ಆದರೂ ಬೆಳಿಗ್ಗೆ ಬಾಗಿಲು ತೆರೆದಾಗ ನೀರು ಕಂಡು ಜೀವಕ್ಕೆ ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಮೇಡಂ ಹೊಸ ಫೋಟೋ ತಯಾರಿಸಿದಳು. ಈ ಸಲ ನೀರು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು, ಅದರ ಮೇಲೆ ಕ್ಯಾಂಪ್ ಇದ್ದಂತೆಯೇ ಕಂಡಿತು: ತಾಡಪತ್ರಿ, ತಗಡು, ಹಗ್ಗಕ್ಕೆ ನೇತುಹಾಕಿದ ಪರಮೇಶಪ್ಪನ ಪಟ್ಟಾಪಟ್ಟಿ ಚಡ್ಡಿ. ನಟ್ಟನಡುವೆ. ಕೊಕ್ಕರೆಗಳಿಗೆ ನಿಲ್ಲಲು ಜಾಗವಿರಲಿಲ್ಲ. ಎತ್ತರಿಸಿದ ಧರಣದ ಎದುರು, ಕ್ಯಾಂಪಿನ ಕೆಳಗೇ, ಪ್ರವಾಸಿಗರಿಗಾಗಿ ಹೊಸ ಕಟ್ಟೆ ಬರುವುದಿತ್ತು. ಅಲ್ಲಿ ನಿಂತ ಅತಿ ಸೂಕ್ಷ್ಮ ಜನರ ಕಣ್ಣಿಗೆ ಮೊದಲು ಬೀಳುವುದೇ ಈ ಚಡ್ಡಿ ಎಂದು ಸಾಹೇಬರಿಗೆ ಹೊಳೆದು, ತಲೆಯ ಮೇಲೆ ಕೈ ಇಟ್ಟುಕೊಂಡರು. ಕ್ಯಾಂಪನ್ನು ಕಿತ್ತುಹಾಕೋಣವೆಂದರೆ ಮುಂದೆ ಚುನಾವಣೆ. ಪಂಚಾಯತಿಯ ಎಣಿಕೆಯಲ್ಲಿ ಕ್ಯಾಂಪಿನ ಜನ ಮತ ಹಾಕುವ ದಿನ ಮಾತ್ರ ಮನುಷ್ಯರಾಗುತ್ತಿದ್ದರು. ಕೊನೆಗೆ ಪುಣೆಯ ಕಂಪನಿಯೇ ದಾರಿ ತೋರಿಸಿತು. ಯಾರ ಮನೆಯನ್ನೂ ಮುಟ್ಟುವುದು ಬೇಡ, ಕ್ಯಾಂಪಿನ ಮುಂದೆ ಎತ್ತರದ ತಗಡಿನ ತಡಿಕೆ ಕಟ್ಟಿದರೆ ಸಾಕು.

ಹಾಗೇ ಆಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಎತ್ತರವಾಯಿತು, ನೀರು ಏರಿತು, ತಡಿಕೆ ನಿಂತಿತು. ಪ್ರವಾಸಿಗರ ಕಡೆಗೆ ಫೋಂಡಾದ ಪೇಂಟರೊಬ್ಬ ಬಂದು ಚಿತ್ರ ಬರೆದ: ನೀಲಿ ಕೆರೆ, ಗುಡ್ಡ, ಸೂರ್ಯ, ಗೋವೆಯಲ್ಲಿ ಯಾರೂ ಕಂಡಿರದ ಬಣ್ಣದ ಒಂದು ಜಿಂಕೆ. ಕ್ಯಾಂಪಿನ ಕಡೆಗೆ ಬರೀ ತುಕ್ಕು ಹಿಡಿಯುವ ತಗಡು, ಅದಕ್ಕೆ ಆನಿಸಿದ ಕಬ್ಬಿಣದ ಕಂಬ. ಉಳಿದವರ ಬಾಗಿಲುಗಳೆಲ್ಲ ರಸ್ತೆಯ ಕಡೆಗಿದ್ದವು, ಅವರಿಗೇನೂ ಅನ್ನಿಸಲಿಲ್ಲ. ಹುಲಿಗೆಮ್ಮನ ಹೊಸ್ತಿಲಿಗೂ ತಗಡಿಗೂ ನಡುವೆ ಒಂದು ಬಟ್ಟೆ ಹಗ್ಗ ಕಟ್ಟುವಷ್ಟು ಜಾಗ ಉಳಿಯಿತು. ಈ ತಡಿಕೆಯಿಂದ ಕ್ಯಾಂಪಿನ ನಿವಾಸಿಗಳ ನೋಟಕ್ಕೆ ಆಗುವ ಹಾನಿ ಶೂನ್ಯ ಎಂದು ವರದಿ ಹೇಳಿತು. ಸೂಕ್ಷ್ಮತೆ ಅತ್ಯಲ್ಪ ಎಂದು ಮೊದಲೇ ತೀರ್ಮಾನವಾಗಿತ್ತಲ್ಲ.

ಬೆಳಿಗ್ಗೆ ಬಾಗಿಲು ತೆರೆದರೆ ಈಗ ತಗಡು. ಹುಲಿಗೆಮ್ಮ ಮೊದಲ ದಿನ ಚಹಾ ಹಿಡಿದು ಹೊಸ್ತಿಲ ಮೇಲೆ ಕೂತಳು, ಅರ್ಧ ಕುಡಿದು ಚೆಲ್ಲಿದಳು. ಅವಳ ಬಾಯಿ ಕಟ್ಟಿತು. ಪರಮೇಶಪ್ಪನಿಗೆ ಹೆದರಿಕೆ ಹುಟ್ಟಿದ್ದು ಆಗ. ಬೈಯದ ಹೆಂಡತಿಯ ಜೊತೆ ಹೇಗೆ ಬದುಕಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಒಂದಿಷ್ಟು ದಿನ ಕಾದು, ಕೊನೆಗೆ ಅವನೇ ಹೇಳಿದ: "ಆ ಕಡಿ ಕಟ್ಟಿ ಮಾಡ್ಯಾರಲ್ಲ, ಅಲ್ಲೇ ಹೋಗಿ ನೋಡಿ ಬಾ. ಅದೇನು ಅವರಪ್ಪಂದ ಐತೇನು?"

ಸಂಜೆ ಅವಳು ಹೊಸ ಇಳಕಲ್ ಸೀರೆ ಉಟ್ಟು, ತಡಿಕೆಯನ್ನು ಬಳಸಿಕೊಂಡು, ಗೇಟಿನಿಂದ ಒಳಗೆ ಹೋದಳು. ಕಟ್ಟೆಯ ಕಾವಲಿಗೆ ಹನುಮವ್ವನ ಮಾಂತೇಶನನ್ನೇ ನೇಮಿಸಿದ್ದರು. ನಿವೇಶನ ತಪ್ಪಿದ್ದಕ್ಕೆ ಅವರ ಮನೆಗೆ ಸಿಕ್ಕ ಸಮಾಧಾನ ಅದು. ಕೊರಳಲ್ಲಿ ಸೀಟಿ, ಮೈಮೇಲೆ ದೊಗಲೆ ಸಮವಸ್ತ್ರ. ಹುಲಿಗೆಮ್ಮ ಕಂಬಿ ಹಿಡಿದು ನಿಂತಳು. ಎದುರಿಗೆ ನೀರು, ಮೊದಲಿಗಿಂತ ಅಗಲವಾಗಿ, ಗುಡ್ಡಗಳ ಮಂಡಿಯವರೆಗೆ ಏರಿ, ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು. ಚೆಂದವಿತ್ತು. ಅದನ್ನು ಮೊದಲಿಗಿಂತ ಚೆಂದ ಮಾಡಿಟ್ಟಿದ್ದಾರಲ್ಲ ಎಂಬುದೇ ಅವಳ ಹೊಟ್ಟೆ ಉರಿಸಿತು. ಅಳು ಬಂತು, ಅತ್ತಳು.

ಹಿಂದೆ ಹೊಸದಾಗಿ ಮದುವೆಯಾದ ಜೋಡಿಯೊಂದು ಫೋಟೋಗೆ ನಿಂತಿತ್ತು. ಮಾಂತೇಶ ಹತ್ತಿರ ಬಂದು ದನಿ ತಗ್ಗಿಸಿದ.

"ದೊಡ್ಡವ್ವಾ, ಒಂಚೂರು ಸರಿ. ಅವರ ಫೋಟೋದಾಗ ಬರಾಕತ್ತಿ."

"ನಾನೂ ನೋಡಾಕ ಬಂದೇನಿ."

"ಇಷ್ಟ ವರ್ಷ ಮನ್ಯಾಗ ಕುಂತು ಇದನ್ನ ನೋಡಿಯಲ್ಲ. ಇನ್ನೇನ ನೋಡ್ತಿ?"

"ಇಷ್ಟ ವರ್ಷ ಉಂಡೇನಿ. ಹಂಗಂತ ಇವತ್ತ ಉಣ್ಣೂದು ಬಿಡ್ಲೇನು?"

ಮಾಂತೇಶ ಸೀಟಿಯನ್ನು ಬಾಯಿಗಿಟ್ಟ, ಊದಲಿಲ್ಲ. ಜೋಡಿ ಸ್ವಲ್ಪ ಹೊತ್ತು ಕಾಯಿತು, ಮುದುಕಿ ಕದಲುವುದಿಲ್ಲವೆಂದು ಖಾತ್ರಿಯಾದ ಮೇಲೆ ಬೇಸತ್ತು ತಡಿಕೆಯ ಕಡೆಗೆ ತಿರುಗಿತು. ಅಲ್ಲಿ ಬಣ್ಣದ ಕೆರೆಯ ಮುಂದೆ, ಜಿಂಕೆಯ ಪಕ್ಕದಲ್ಲಿ ನಿಂತು ಒಂದರ ಮೇಲೊಂದು ಫೋಟೋ ತೆಗೆಸಿಕೊಂಡಿತು, ಇದೇ ಚಲೋ ಬಂತು ಎಂದು ಫೋನು ನೋಡಿಕೊಳ್ಳುತ್ತ ಹೋಯಿತು. ಅವರ ಹಿಂದೆ ಬಂದವರೂ ಅಲ್ಲೇ ಸಾಲು ಹಚ್ಚಿದರು. ಈಚೆಗೆ ಖರೇ ನೀರಿನ ಎದುರು ಹುಲಿಗೆಮ್ಮ ಒಬ್ಬಳೇ ಉಳಿದಳು. ಮಾಂತೇಶ ಅವಳಿಗಾಗಿ ಅಂದು ಕಟ್ಟೆ ಮುಚ್ಚುವ ಸೀಟಿಯನ್ನು ಸ್ವಲ್ಪ ತಡವಾಗಿ ಊದಿದ.